ಕಾವಲುಗಾರನ ಕೈ ಏನು ಪರೀಕ್ಷಾಶಾಲೆಯೆ?



ನಾಂಪಲ್ಲಿ ಸ್ಟೇಷನ್ನಿನಲ್ಲಿ ಇಳಿದು ಅಬಿಡ್ಸ್ ಕಡೆಗೆ ಕಾಲು ಹಾಕುವ ನಮ್ಮ ಜನರಿಗೆ ಈ ದೃಶ್ಯ ಹೊಸದಲ್ಲ. ಬ್ಯಾಂಕಿನ ಬಾಗಿಲಲ್ಲಿ, ಚಿನ್ನದಂಗಡಿಯ ಮೆಟ್ಟಿಲ ಬಳಿ, ಹಣದ ವ್ಯಾನಿನ ಹಿಂದೆ ಒಬ್ಬ ಮನುಷ್ಯ ನಿಂತಿರುತ್ತಾನೆ. ಮೈಮೇಲೆ ಠೇಕೇದಾರ ಕೊಟ್ಟ ಅಂಗಿ, ಕಾಲಲ್ಲಿ ತನ್ನ ದುಡ್ಡಿನ ಬೂಟು, ಹೆಗಲಲ್ಲಿ ಜೋಡುನಳಿಗೆ ಬಂದೂಕು. ಮಾತನಾಡಿಸಿ ನೋಡಿ, ಬೀದರ, ಕಲಬುರ್ಗಿ, ಯಾದಗಿರಿ ಕಡೆಯವರೂ ಸಿಗುತ್ತಾರೆ. ಹನ್ನೆರಡು ತಾಸು ನಿಲ್ಲುವುದು ಅವರ ಕೆಲಸ. ಪಗಾರವೆಷ್ಟು, ಸುಟ್ಟಿ ಉಂಟೋ ಇಲ್ಲವೋ ಎಂದು ನಾವು ಕೇಳುತ್ತ ಬಂದಿದ್ದೇವೆ. ಆ ಹೆಗಲ ಮೇಲಿನ ಬಂದೂಕಿನ ಕಬ್ಬಿಣ ಎಂಥದು, ಅದನ್ನು ಯಾರು ನೋಡಿ ಒಪ್ಪಿದರು ಎಂದು ನಾವೂ ಕೇಳಿರಲಿಲ್ಲ. ಅದು ನಮ್ಮ ತಪ್ಪು. ಈಗ ಕೇಳುತ್ತೇವೆ.

ಕಳೆದ ಮಳೆಗಾಲದಲ್ಲಿ ನಡೆದ ಸಂಗತಿ ಇದು. ನಮ್ಮ ಸಂಘದ ಸದಸ್ಯರೊಬ್ಬರು, ಔರಾದ ತಾಲೂಕಿನವರು, ವಯಸ್ಸು ಐವತ್ತು ದಾಟಿದೆ. ನಾವೆಲ್ಲ ಕಾಕಾ ಎನ್ನುತ್ತೇವೆ. ಲೈಸೆನ್ಸ್ ಅವರ ಹೆಸರಿನಲ್ಲಿದೆ. ಅವರ ಬಳಿ ಮೊದಲಿದ್ದದ್ದು ನಮ್ಮ ದೇಶದ ಕಾರ್ಖಾನೆಯಲ್ಲೇ ಮಾಡಿದ ಒಂಟಿನಳಿಗೆ. ಠೇಕೇದಾರ ಕರೆದು ಹೇಳಿದ: ‘ಇದೇನಪ್ಪಾ ಹಳ್ಳಿ ಮಾಲು, ಪಾರ್ಟಿಯವರು ಒಪ್ಪೋದಿಲ್ಲ. ವಿಲಾಯತಿ ಗನ್ ತಾ, ಪಗಾರ ಎರಡು ಸಾವಿರ ಜಾಸ್ತಿ ಮಾಡ್ತೀನಿ.’ ಕಾಕಾ ಇದ್ದದ್ದನ್ನು ಕೊಟ್ಟು, ಮೇಲೆ ಮೂವತ್ತೈದು ಸಾವಿರ ಸಾಲ ಮಾಡಿ, ಯಾರೋ ಸತ್ತವರ ಮನೆಯಿಂದ ಬಂದ ಬೆಲ್ಜಿಯಂ ಜೋಡುನಳಿಗೆ ಕೊಂಡರು. ಕಾಗದ ಪತ್ರ ಎಲ್ಲ ಸರಿಯಿತ್ತು. ನಳಿಗೆಯ ಒಳಗೆ ಕಣ್ಣಿಟ್ಟು ನೋಡಿದರೆ ಕನ್ನಡಿಯಂತೆ ಹೊಳೆಯುತ್ತಿತ್ತಂತೆ. ಠೇಕೇದಾರನೂ ನೋಡಿದ, ಬೆನ್ನು ತಟ್ಟಿದ.

ಒಂದು ಬ್ಯಾಂಕಿನ ಕೆಲಸಕ್ಕೆ ಕಳಿಸುವ ಮುನ್ನ ಠೇಕೇದಾರನೇ ಏರ್ಪಡಿಸಿದ ಗುಂಡಿನ ಅಭ್ಯಾಸದಲ್ಲಿ, ಎರಡನೆಯ ತೋಟಾಕ್ಕೆ, ಎಡಗೈ ಹಿಡಿದಿದ್ದ ಜಾಗದಲ್ಲೇ ನಳಿಗೆ ಸೀಳಿತು. ಎರಡು ಬೆರಳು ಹೋದವು. ಆಸ್ಪತ್ರೆಯಲ್ಲಿ ನಾವು ಹೋಗಿ ನಿಂತಾಗ ಕಾಕಾ ಕೇಳಿದ ಮೊದಲ ಮಾತು ಬೆರಳಿನದಲ್ಲ: ‘ಸಾಲದ್ದು ಏನ್ ಮಾಡ್ಬೇಕ್ರಿ ತಮ್ಮಾ?’ ಎಂದರು. ಮರುದಿನ ನಾವು ಮೂವರು ಠೇಕೇದಾರನ ಆಫೀಸಿಗೆ ಹೋದೆವು. ಚಹಾ ತರಿಸಿದ, ಕುಡಿಯಲಿಲ್ಲ. ಆತ ಹೇಳಿದ್ದು ಇಷ್ಟೆ: ‘ಗನ್ ಅವನದು, ಲೈಸೆನ್ಸ್ ಅವನದು, ಕೈ ಅವನದು. ಇದರಲ್ಲಿ ನಮ್ಮದೇನಿದೆ?’

ಈ ಮಾತಿಗೆ ಉತ್ತರ ಕೊಡುವುದಕ್ಕಾಗಿಯೇ ಈ ಲೇಖನ.

ಹೋಟೆಲಿನಲ್ಲಿ ಲೋಟ ತೊಳೆದು, ಸಪ್ಲೈ ಮಾಡಿ, ಆಮೇಲೆ ಸಂಘಕ್ಕೆ ಬಂದ ನಿಮಗೆ ಬಂದೂಕಿನ ಮಾತು ಏಕೆ ಎಂದು ಕೆಲವು ಮಹನೀಯರು ಕೇಳಿದ್ದಾರೆ. ಒಳ್ಳೆಯ ಪ್ರಶ್ನೆ. ನಾವು ಏಳನೆಯ ಇಯತ್ತೆಯವರೆಗೆ ಓದಿದವರು, ಲೋಹಶಾಸ್ತ್ರ ಓದಿದವರಲ್ಲ. ಆದರೆ ಅಡಿಗೆಮನೆಯಲ್ಲಿ ಇಪ್ಪತ್ತು ವರ್ಷ ಬೆಂದವನಿಗೆ ಲೋಹ ಎಂದರೇನೆಂದು ಸ್ವಲ್ಪ ಗೊತ್ತಿರುತ್ತದೆ. ಹಿತ್ತಾಳೆ ಹಂಡೆಯನ್ನು ಬೆರಳ ಗಂಟಿನಿಂದ ತಟ್ಟಿದರೆ ಸೀಳು ಬಿಟ್ಟದ್ದು ಬೊಕ್ಕ ದನಿ ಕೊಡುತ್ತದೆ. ದೋಸೆ ಕಲ್ಲು ಒಂದು ಕಡೆ ತೆಳ್ಳಗಿದ್ದರೆ ದೋಸೆಯೇ ಹೇಳುತ್ತದೆ. ಪ್ರತಿ ಜನವರಿಯಲ್ಲಿ ನಾಂಪಲ್ಲಿಯ ನುಮಾಯಿಷಿನಲ್ಲಿ ಸ್ಟೀಲ್ ಪಾತ್ರೆ ಕೊಳ್ಳಲು ಹೋಗುವ ನಮ್ಮ ಹೆಣ್ಣುಮಕ್ಕಳು ಅಯಸ್ಕಾಂತದ ತುಂಡೊಂದನ್ನು ಚೀಲದಲ್ಲಿಟ್ಟುಕೊಂಡು ಹೋಗುತ್ತಾರೆ. ಅಂಟಿದರೆ ಕೆಟ್ಟ ಮಾಲು, ಅಂಟದಿದ್ದರೆ ಅಸಲಿ ಎಂದು ಅವರ ಲೆಕ್ಕ. ಆ ಲೆಕ್ಕವೂ ಪೂರ್ತಿ ಸರಿಯಲ್ಲವೆಂದು ನಾವು ಕೆಟ್ಟ ಮೇಲೆ ಕಲಿತೆವು. 304 ಎಂಬ ನಂಬರಿನ ಸ್ಟೀಲಿನಲ್ಲಿ ಕ್ರೋಮಿಯಂ 18 ಪಾಲು, ನಿಕ್ಕಲ್ 8 ಪಾಲು ಇರುತ್ತದೆ. 202 ಎಂಬ ಅಗ್ಗದ ನಂಬರಿನಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಅಯಸ್ಕಾಂತ ಇವೆರಡಕ್ಕೂ ಅಷ್ಟಾಗಿ ಅಂಟದು. ಉಪ್ಪು, ಹುಣಿಸೆಹುಳಿ ತಗುಲಿ ಚುಕ್ಕೆ ಚುಕ್ಕೆ ತುಕ್ಕು ಎದ್ದಾಗಲೇ ಮೋಸ ತಿಳಿಯುವುದು. ಅಂದರೆ ಕಣ್ಣು, ಕಿವಿ, ಅಯಸ್ಕಾಂತ ಇವು ಒಂದಿಷ್ಟು ಹೇಳುತ್ತವೆ, ಪೂರ್ತಿ ಹೇಳವು. ಪಾತ್ರೆಯಲ್ಲಿ ಮೋಸಹೋದರೆ ಸಾರು ಕೆಡುತ್ತದೆ. ಬಂದೂಕಿನಲ್ಲಿ ಮೋಸಹೋದರೆ?

ಒಂದು ಲೆಕ್ಕ ಕೊಡುತ್ತೇವೆ. ಮನೆಯ ಕುಕ್ಕರಿನ ಒಳಗೆ ಸೀಟಿ ಬರುವಾಗ ಹೊರಗಿನ ಗಾಳಿಗಿಂತ ಹೆಚ್ಚಾಗಿ ಇರುವ ಒತ್ತಡ ಸುಮಾರು 1 ಬಾರ್. ಅದು ಸಿಡಿದರೆ ಅಡಿಗೆಮನೆಯ ಸೂರು ಹಾರುವುದನ್ನು ನಮ್ಮಲ್ಲಿ ಕಂಡವರಿದ್ದಾರೆ. ಹನ್ನೆರಡು ಬೋರಿನ ಇಂದಿನ ಸಾಧಾರಣ ತೋಟಾಕ್ಕೆ ಯೂರೋಪಿನ ದೇಶಗಳ ಒಪ್ಪಂದ ಹಾಕಿಕೊಟ್ಟ ಮೇಲಿನ ಮಿತಿ 740 ಬಾರ್. ಕುಕ್ಕರಿನ ಏಳುನೂರು ಪಟ್ಟು! ಅದೂ ಮುಖದಿಂದ ಒಂದು ಗೇಣು, ಎಡಗೈಯಿಂದ ಒಂದು ಗೇಣು ದೂರದಲ್ಲಿ. ಈ ಒತ್ತಡವನ್ನು ತಡೆದು ನಿಲ್ಲಬೇಕಾದದ್ದು ನಳಿಗೆಯ ಕಬ್ಬಿಣ. ವಿಲಾಯತಿ ಎಂಬ ಮಾತು ತಡೆಯಲಾರದು, ಠೇಕೇದಾರನ ಶಿಫಾರಸು ತಡೆಯಲಾರದು.

ಇದನ್ನು ಯೂರೋಪಿನವರು ನಮಗಿಂತ ಮೊದಲೇ ತಿಳಿದಿದ್ದರು. ತಿಳಿದದ್ದು ಕೈ ಕಳಕೊಂಡವರಿಂದಲೇ ಇರಬೇಕು. ಲಂಡನ್ನಿನ ಬಂದೂಕುಗಾರರ ಸಂಘಕ್ಕೆ 1637ರಲ್ಲಿ ಸನ್ನದು ಸಿಕ್ಕಿತು. ಬೆಲ್ಜಿಯಂನ ಲೀಜ್ ಊರಿನಲ್ಲಿ 1672ರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 1813ರಲ್ಲಿ ಪರೀಕ್ಷೆಯ ಮನೆಗಳು ಕಟ್ಟಳೆಯಾಗಿ ಬಂದವು. ಪ್ರೂಫ್ ಹೌಸ್ ಎಂದು ಅವುಗಳ ಹೆಸರು. ಅಲ್ಲಿ ಮಾಡುವುದೇನು? ಬಂದೂಕನ್ನು ಮನುಷ್ಯನ ಕೈಗೆ ಕೊಡುವ ಮುನ್ನ ಗಟ್ಟಿಯಾಗಿ ಕಟ್ಟಿಹಾಕಿ, ಮಾಮೂಲಿಗಿಂತ ಕಾಲುಭಾಗಕ್ಕೂ ಹೆಚ್ಚು ಒತ್ತಡದ ತೋಟಾ ಹಾಕಿ, ದೂರದಿಂದ ಸುಡುತ್ತಾರೆ. ಸೀಳಿದರೆ ಕಬ್ಬಿಣ ಮಾತ್ರ ಹೋಯಿತು, ಯಾರ ಕೈಯೂ ಹೋಗಲಿಲ್ಲ. ತಡೆದು ನಿಂತರೆ ನಳಿಗೆಗೆ ಮುದ್ರೆ ಒತ್ತುತ್ತಾರೆ. ನಾಲ್ಕು ನೂರು ವರ್ಷದ ಹಿಂದೆ ಹೊಳೆದ ಈ ಸರಳ ಬುದ್ಧಿ ನಮ್ಮ ಠೇಕೇದಾರರಿಗೆ ಇನ್ನೂ ಹೊಳೆದಿಲ್ಲ. ಅವರ ಪ್ರೂಫ್ ಹೌಸು ಕಾಕಾನ ಎಡಗೈ.

ಹಾಗಾದರೆ ಬೆಲ್ಜಿಯಂ ಬಂದೂಕಿಗೆ ಮುದ್ರೆ ಇತ್ತಲ್ಲವೆ? ಇತ್ತು. ಇಲ್ಲೇ ಇರುವುದು ವಿಷಯ. ಸೀಳಿದ ನಳಿಗೆಯನ್ನು ಪೊಲೀಸರ ಅನುಮತಿಯೊಂದಿಗೆ ಒಬ್ಬ ಹಿರಿಯ ಬಂದೂಕು ರಿಪೇರಿಗಾರರಿಗೆ ತೋರಿಸಿದೆವು. ಅವರು ಕನ್ನಡಕ ಏರಿಸಿ ನೋಡಿದರು, ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಒಂದೊಂದೇ ತೋರಿಸಿದರು.

ಮೊದಲನೆಯದು ಮುದ್ರೆ. ಮೊಟ್ಟೆಯಾಕಾರದ ಗೆರೆಯೊಳಗೆ ಇ, ಎಲ್, ಜಿ ಎಂಬ ಅಕ್ಷರ. ಲೀಜ್ ಊರಿನ ಅಸಲಿ ಮುದ್ರೆಯೇ. ಆದರೆ ಅದು ಕರಿಮದ್ದಿನ ಪರೀಕ್ಷೆಯ ಮುದ್ರೆ. ನಮ್ಮ ಅಜ್ಜಂದಿರ ಕಾಲದ, ದಟ್ಟ ಹೊಗೆ ಬರುವ ಮದ್ದು ಅದು. ಇಂದಿನ ಹೊಗೆಯಿಲ್ಲದ ಮದ್ದಿಗೆ ಬೇರೆ ಪರೀಕ್ಷೆ. ಅದರಲ್ಲಿ ಪಾಸಾದ ಬೆಲ್ಜಿಯಂ ನಳಿಗೆಗೆ ಸಿಂಹದ ಚಿತ್ರವೂ ಪಿ.ವಿ. ಎಂಬ ಅಕ್ಷರವೂ ಬೀಳುತ್ತವೆ. ಇಂಗ್ಲೆಂಡಿನದಾದರೆ ನೈಟ್ರೊ ಪ್ರೂಫ್ ಎಂದೇ ಬರೆದಿರುತ್ತದೆ. ಕಾಕಾನ ಬಂದೂಕಿನಲ್ಲಿ ಸಿಂಹ ಇರಲಿಲ್ಲ. ಮೊಟ್ಟೆ ನೋಡಿ ಸಿಂಹವೆಂದು ನಂಬಿದ್ದರು. ಪಾಪ, ಅವರಿಗೆ ಹೇಳಿದವರಾರು?

ಎರಡನೆಯದು ತೋಟಾ ಕೂರುವ ಮನೆ. ಹಳೆಯ ಬಂದೂಕುಗಳಲ್ಲಿ ಅದರ ಉದ್ದ 65 ಮಿಲಿಮೀಟರು. ಆಮೇಲೆ ಬಂದವುಗಳಲ್ಲಿ 70. ಎಪ್ಪತ್ತರ ತೋಟಾ ಅರವತ್ತೈದರ ಮನೆಯಲ್ಲಿ ಸಲೀಸಾಗಿ ಕೂರುತ್ತದೆ, ಏಕೆಂದರೆ ಸುಡುವ ಮುನ್ನ ಅದರ ಬಾಯಿ ಮಡಿಚಿರುತ್ತದೆ. ಸುಟ್ಟಾಗ ಬಿಚ್ಚಿಕೊಳ್ಳಲು ಜಾಗ ಸಾಲದೆ ಮುಂದಿನ ಇಕ್ಕಟ್ಟಿಗೆ ಸಿಕ್ಕಿ ಒತ್ತಡ ಏರುತ್ತದೆ. ಕೂತಿತು ಎಂದ ಮಾತ್ರಕ್ಕೆ ಸರಿಯಾಯಿತು ಎನ್ನುವಂತಿಲ್ಲ. ಅಂದು ಕಾಕಾನ ಕೈಗೆ ಕೊಟ್ಟ ತೋಟಾ ಎಪ್ಪತ್ತರದು. ಕೊಟ್ಟವನು ಠೇಕೇದಾರನ ಆಳು.

ಮೂರನೆಯದನ್ನು ಅವರು ಹೇಳಿದಾಗ ನಮಗೆ ಮೈ ಉರಿಯಿತು. ಆ ಕನ್ನಡಿಯಂಥ ಹೊಳಪಿನ ಸಂಗತಿ. ನಳಿಗೆಯೊಳಗೆ ತುಕ್ಕಿನ ಗುಳಿಗಳಿದ್ದವಂತೆ. ಗುಳಿ ಕಾಣದಂತೆ ಒಳಗೆಲ್ಲ ಕೆರೆದು, ಉಜ್ಜಿ, ಹೊಳಪು ಬರಿಸಿ ಮಾರಿದ್ದಾರೆ. ಹೊಳಪು ಹೆಚ್ಚಿದಷ್ಟು ಗೋಡೆ ತೆಳ್ಳಗಾಯಿತು. ಇಂಗ್ಲೆಂಡಿನ ಕಟ್ಟಳೆಯಲ್ಲಿ, ಮುದ್ರೆ ಬಿದ್ದಾಗ ಇದ್ದ ಅಳತೆಗಿಂತ ನಳಿಗೆಯ ಒಳಗಲ ಅಂಗುಲದ ನೂರರಲ್ಲಿ ಒಂದು ಭಾಗದಷ್ಟು ಹಿಗ್ಗಿದರೆ ಸಾಕು, ಹಳೆಯ ಮುದ್ರೆ ರದ್ದಾದಂತೆ ಎಂದು ಲೆಕ್ಕ. ಮತ್ತೆ ಪರೀಕ್ಷೆ ಮಾಡಿಸಬೇಕು. ಇಲ್ಲಿ ಹಿಗ್ಗಿದ್ದು ಅದಕ್ಕಿಂತ ಹೆಚ್ಚು. ಯಾವ ಹೊಳಪನ್ನು ಕಂಡು ಬೆನ್ನು ತಟ್ಟಿದರೋ ಆ ಹೊಳಪೇ ಮೋಸದ ಸಾಕ್ಷಿ.

ನಾಲ್ಕನೆಯದು ಕಬ್ಬಿಣವೇ. ಮೇಲಿನ ಕರಿ ಬಣ್ಣವನ್ನು ಒಂದು ಮೂಲೆಯಲ್ಲಿ ಉಜ್ಜಿದಾಗ ಕೆಳಗೆ ಸುರುಳಿ ಸುರುಳಿ ಗೆರೆ ಕಂಡಿತು. ಇಡೀ ಉಕ್ಕಿನ ಸರಳನ್ನು ಕೊರೆದು ಮಾಡಿದ ನಳಿಗೆ ಅದಾಗಿರಲಿಲ್ಲ. ಕಬ್ಬಿಣ, ಉಕ್ಕುಗಳ ಪಟ್ಟಿಯನ್ನು ಕಾಯಿಸಿ, ಸಲಾಕೆಯ ಸುತ್ತ ಚಕ್ಕುಲಿಯಂತೆ ಸುತ್ತಿ, ಬಡಿದು ಬೆಸೆದ ಹಳೆಯ ಕಾಲದ ನಳಿಗೆ. ಡಮಾಸ್ಕಸ್ ನಳಿಗೆ ಎಂದು ಅದರ ಹೆಸರು. ಒಳ್ಳೆಯ ಕಮ್ಮಾರ ಬೆಸೆದರೆ ಗಟ್ಟಿಯೇ, ಅದನ್ನು ಹೀನೈಸಬಾರದು. ಆದರೆ ಬೆಸುಗೆಯ ಸಂದಿನಲ್ಲಿ ಕಿಟ್ಟ ಉಳಿದಿದ್ದರೆ ನೂರು ವರ್ಷದಲ್ಲಿ ತುಕ್ಕು ಒಳಗೊಳಗೇ ದಾರಿ ಮಾಡಿಕೊಳ್ಳುತ್ತದೆ, ಹೊರಗಣ್ಣಿಗೆ ಕಾಣದು. ಅದರ ಮೇಲೆ ಕರಿ ಬಣ್ಣ ಬಳಿದು ಹೊಸ ಉಕ್ಕಿನಂತೆ ತೋರಿಸಿದ ಪುಣ್ಯಾತ್ಮ ಯಾರೋ ತಿಳಿಯದು. ಹಿಂದೆ ಇದರ ತಿರುವುಮುರುವು ಮೋಸವೂ ಇತ್ತಂತೆ: ಸುರುಳಿ ಗೆರೆಗೆ ಬೆಲೆ ಇದ್ದ ಕಾಲದಲ್ಲಿ ಸಾದಾ ಕಬ್ಬಿಣದ ಮೇಲೆ ಆಮ್ಲದಿಂದ ಸುಳ್ಳು ಗೆರೆ ಬರೆದು ಡಮಾಸ್ಕಸ್ ಎಂದು ಮಾರುತ್ತಿದ್ದರು. ಗಿರಾಕಿಗೆ ಯಾವುದರ ಷೋಕಿಯೋ ವ್ಯಾಪಾರಿ ಅದನ್ನೇ ಮೇಲೆ ಬಳಿಯುತ್ತಾನೆ.

ಈಗ ವಿಲಾಯತಿ ಎಂಬ ಪದವನ್ನು ಸ್ವಲ್ಪ ವಿಚಾರಿಸೋಣ. ನಮ್ಮ ಜನರಲ್ಲಿ ಅದರ ಮೋಹ ಎಷ್ಟಿದೆ! ಹೊರದೇಶದಿಂದ ಬಂದದ್ದೆಲ್ಲ ಒಂದೇ ತೂಕದ ಬಂಗಾರವೆಂದು ಭಾವನೆ. ಲೀಜ್, ಬರ್ಮಿಂಗ್‌ಹ್ಯಾಮ್ ಊರುಗಳಲ್ಲಿ ರಾಜಮಹಾರಾಜರಿಗೆ ಮಾಡಿದ ಬಂದೂಕೂ ಇತ್ತು. ಆಫ್ರಿಕಾದ ಕರಾವಳಿಗೆ ಕಟ್ಟುಕಟ್ಟಾಗಿ ಸಾಗಿಸಲು ಮಾಡಿದ ಅಗ್ಗದ ಬಂದೂಕೂ ಇತ್ತು. ಎರಡೂ ಒಂದೇ ಊರಿನವು. ಆ ಅಗ್ಗದ ಬಂದೂಕಿಗೆ ಹಾಕುತ್ತಿದ್ದ ಕೀಳು ಕಬ್ಬಿಣಕ್ಕೆ ಬರ್ಮಿಂಗ್‌ಹ್ಯಾಮಿನ ಕೆಲಸಗಾರರೇ ತಮಾಷೆಯ ಹೆಸರಿಟ್ಟಿದ್ದರು. ಕಬ್ಬಿಣದ ಗುಣ ಊರಿನಿಂದ ಬರುವುದಿಲ್ಲ. ಯಾರಿಗಾಗಿ, ಎಷ್ಟು ದರಕ್ಕೆ, ಯಾವ ಅವಸರದಲ್ಲಿ ಮಾಡಿದರು ಎಂಬುದರಿಂದ ಬರುತ್ತದೆ.

ಅವಸರದ ಮಾತು ಬಂತು. 1915ರಲ್ಲಿ, ಮೊದಲ ಮಹಾಯುದ್ಧದ ಕಾಲದಲ್ಲಿ, ಫ್ರೆಂಚ್ ಸೈನ್ಯಕ್ಕೆ ಪಿಸ್ತೂಲು ಸಾಲದೆ ಸ್ಪೇನಿನ ಒಂದು ಕಂಪೆನಿಗೆ ಆರ್ಡರು ಹೋಯಿತು. ತಿಂಗಳಿಗೆ ಹತ್ತು ಸಾವಿರ ಎಂದು ಆರಂಭವಾದದ್ದು ಮೂವತ್ತು ಸಾವಿರಕ್ಕೆ ಏರಿತು. ಆ ಕಂಪೆನಿಗೆ ಒಬ್ಬರಿಂದ ಆಗುವುದೆ? ಒಳಠೇಕೆ ಕೊಟ್ಟಿತು. ಒಳಠೇಕೆಯವರು ಸಾಲದೆ ಇನ್ನೂ ಹತ್ತಾರು ಸಣ್ಣ ಕಾರ್ಖಾನೆಗಳು ಅದೇ ಮಾದರಿ ಮಾಡಿ ಮಾರತೊಡಗಿದವು. ರೂಬಿ ಎಂಬ ಆ ಪಿಸ್ತೂಲುಗಳಲ್ಲಿ ಕೆಲವು ಗಟ್ಟಿ, ಕೆಲವು ಬೆಣ್ಣೆಯಂತೆ ಮೆತ್ತಗಿನ ಉಕ್ಕು. ಒಂದರ ಬಿಡಿಭಾಗ ಮತ್ತೊಂದಕ್ಕೆ ಕೂರುತ್ತಿರಲಿಲ್ಲ. ಠೇಕೆ, ಒಳಠೇಕೆ, ಅದರೊಳಗೆ ಇನ್ನೊಂದು ಠೇಕೆ! ನಮ್ಮ ಹೋಟೆಲು, ನಮ್ಮ ಕಟ್ಟಡದ ಕೆಲಸ, ನಮ್ಮ ಕಾವಲು ಕೆಲಸ ಎಲ್ಲಕ್ಕೂ ಹಿಡಿದ ರೋಗವೇ ಅದು. ಮೇಲಿನವನು ದರ ಕಚ್ಚಿ ಹಿಡಿಯುತ್ತಾನೆ, ಕೆಳಗಿನವನು ಕಬ್ಬಿಣದಲ್ಲಿ ಕದಿಯುತ್ತಾನೆ, ಕೊನೆಗೆ ಹಿಡಿದವನ ಕೈಯಲ್ಲಿ ಲೆಕ್ಕ ಚುಕ್ತಾ ಆಗುತ್ತದೆ.

ಅಮೆರಿಕಾದ ಕಥೆಯೂ ಕೇಳತಕ್ಕದ್ದೇ. ಅಲ್ಲಿಗೆ ಪಶ್ಚಿಮ ಜರ್ಮನಿಯ ರೋಮ್ ಎಂಬ ಕಂಪೆನಿಯ ಅಗ್ಗದ ಸಣ್ಣ ರಿವಾಲ್ವರುಗಳು ರಾಶಿ ರಾಶಿ ಬರುತ್ತಿದ್ದವು. 1968ರ ಕಾಯ್ದೆ ಅಂಥವುಗಳ ಆಮದನ್ನು ತಡೆಯಿತು. ಕಂಪೆನಿ ಏನು ಮಾಡಿತು ಗೊತ್ತೆ? ಬಿಡಿಭಾಗಗಳನ್ನು ಸಾಗಿಸಿ ಮಯಾಮಿ ಊರಿನಲ್ಲಿ ಕೂಡಿಸಿ ಮಾರಿತು. ಅಧ್ಯಕ್ಷ ರೇಗನ್ನರ ಮೇಲೆ 1981ರಲ್ಲಿ ಹಾರಿಸಿದ್ದು ಅಂಥದೇ ಒಂದು. ಇಂಥ ಅಗ್ಗದ ಕೈಬಂದೂಕುಗಳಲ್ಲಿ ಎಷ್ಟೋ ಭಾಗಗಳನ್ನು ಉಕ್ಕಿನಲ್ಲಿ ಮಾಡದೆ ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು ಮಾಡುತ್ತಿದ್ದರು. ನಮ್ಮ ಹೋಟೆಲಿನ ನಲ್ಲಿಯ ಹಿಡಿಕೆಗಳನ್ನು ಮಾಡುತ್ತಾರಲ್ಲ, ಆ ಜಾತಿಯ ಲೋಹ. ಇಲಿನಾಯ್, ದಕ್ಷಿಣ ಕ್ಯಾರೊಲಿನಾ ಮುಂತಾದ ಕೆಲವು ರಾಜ್ಯಗಳು ಆಗ ಒಂದು ವಿಚಿತ್ರವಾದ ಆದರೆ ಬುದ್ಧಿಯ ಕಾಯ್ದೆ ಮಾಡಿದವು: 800 ಡಿಗ್ರಿ ಫ್ಯಾರನ್‌ಹೀಟಿಗಿಂತ, ಅಂದರೆ ಸುಮಾರು 427 ಡಿಗ್ರಿ ಸೆಲ್ಸಿಯಸ್ಸಿಗಿಂತ ಕಡಿಮೆ ಶಾಖಕ್ಕೆ ಕರಗುವ ಎರಕದ ಲೋಹದಲ್ಲಿ ಬಂದೂಕಿನ ಮುಖ್ಯ ಭಾಗ ಇರಕೂಡದು. ಸತುವಿನ ಆ ಮಿಶ್ರಲೋಹ 380–390 ಡಿಗ್ರಿಗೇ ನೀರಾಗುತ್ತದೆ. ಉಕ್ಕು ಕರಗಲು 1400 ದಾಟಬೇಕು. ಹೆಸರು, ಊರು, ಹೊಳಪು ಯಾವುದನ್ನೂ ಕೇಳಲಿಲ್ಲ, ಲೋಹವನ್ನೇ ಕೇಳಿದರು. ಇನ್ನೂ ಒಂದು ಸಂಗತಿ. ಮೇರಿಲ್ಯಾಂಡ್ ರಾಜ್ಯದಲ್ಲಿ ಕಿರಾಣಿ ಅಂಗಡಿಯ ನೌಕರನೊಬ್ಬ ದರೋಡೆಯಲ್ಲಿ ಇಂಥ ಬಂದೂಕಿನಿಂದ ಗಾಯಗೊಂಡಾಗ, 1985ರಲ್ಲಿ ಅಲ್ಲಿನ ಹಿರಿಯ ನ್ಯಾಯಾಲಯ, ಕೀಳು ಸಾಮಗ್ರಿಯ ಅಗ್ಗದ ಬಂದೂಕು ಮಾಡಿ ಮಾರಿದವರೂ ಗಾಯಕ್ಕೆ ಹೊಣೆಯಾಗಬಹುದೆಂದಿತು. ಮೂರೇ ವರ್ಷದಲ್ಲಿ, 1988ರಲ್ಲಿ, ಶಾಸನಸಭೆ ಆ ಹೊಣೆಯನ್ನು ತೆಗೆದುಹಾಕಿ, ಬದಲಿಗೆ ಯಾವ ಕೈಬಂದೂಕು ಮಾರಬಹುದೆಂದು ಪಟ್ಟಿ ಮಾಡುವ ಮಂಡಲಿ ನೇಮಿಸಿತು. ಕೊಟ್ಟ ಕೈಯೇ ಕಸಿದುಕೊಂಡಿತು ಎಂದು ನಾವು ಹೇಳುತ್ತೇವೆ. ಆದರೂ ಪಟ್ಟಿಯಾದರೂ ಉಳಿಯಿತಲ್ಲ!

ನಮ್ಮ ದೇಶದ ಪರಿಸ್ಥಿತಿ ಬೇರೆ. 1980ರ ದಶಕದ ನಡುವಿನಿಂದ ಸಾಮಾನ್ಯ ಜನ ಹೊರದೇಶದ ಬಂದೂಕು ತರಿಸಿಕೊಳ್ಳುವ ದಾರಿ ಮುಚ್ಚಿದೆ. ಹೆಸರಾಂತ ಗುರಿಕಾರರಂಥ ಕೆಲವರಿಗೆ ಮಾತ್ರ ವಿನಾಯಿತಿ. ಆದ್ದರಿಂದ ಇಂದು ಕಾವಲುಗಾರನ ಕೈಗೆ ಬರುವ ವಿಲಾಯತಿ ಬಂದೂಕು ನಲವತ್ತು ವರ್ಷಕ್ಕೂ ಹಳೆಯದು, ಅನೇಕ ವೇಳೆ ನೂರು ವರ್ಷದ್ದು. ಮಾಲು ಕಡಿಮೆ, ಮೋಹ ಹೆಚ್ಚು. ಒಳ್ಳೆಯ ವಿಲಾಯತಿಗೆ ಲಕ್ಷಗಟ್ಟಲೆ ಬೆಲೆ. ಹಾಗಿರುವಾಗ ಮೂವತ್ತೈದು ಸಾವಿರಕ್ಕೆ ಸಿಗುವ ವಿಲಾಯತಿ ಏಕೆ ಅಷ್ಟಕ್ಕೆ ಸಿಗುತ್ತದೆ? ಈ ಪ್ರಶ್ನೆಯನ್ನು ಕೊಳ್ಳುವ ಮುನ್ನ ನಮ್ಮಲ್ಲಿ ಯಾರಾದರೂ ಕಾಕಾನಿಗೆ ಕೇಳಿದ್ದರೆ!

ಕೊಡಗಿನಲ್ಲಿ ಮನೆಮನೆಯ ಕೋವಿಯನ್ನು ಕೈಲ್‌ಪೊಳ್ದ್ ಹಬ್ಬದ ದಿನ ಒರೆಸಿ, ಹೂವಿಟ್ಟು ಪೂಜಿಸುತ್ತಾರೆ. ಮನೆತನದ ಕೋವಿಯ ಚರಿತ್ರೆ ಮನೆಯವರಿಗೆ ಗೊತ್ತಿರುತ್ತದೆ. ಸಂತೆಯ ದನದಂತೆ ಕೈಯಿಂದ ಕೈಗೆ ಹೋದ ಬಂದೂಕಿನ ಚರಿತ್ರೆ ಯಾರಿಗೂ ಗೊತ್ತಿಲ್ಲ.

ವಿಲಾಯತಿ ಭಜನೆ ಮಾಡುವವರು ಇನ್ನೊಂದು ಮಾತು ಕೇಳಲಿ. ಉಕ್ಕು ಎಂಬ ನಮ್ಮ ಪದವೇ ಇಂಗ್ಲಿಷರ ಬಾಯಲ್ಲಿ ವೂಟ್ಸ್ ಆಯಿತೆಂದು ಬಲ್ಲವರು ಅನೇಕರು ಹೇಳುತ್ತಾರೆ. ಆ ಉಕ್ಕಿನ ತುಂಡುಗಳನ್ನು ಹಿಡಿದು 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಓದಿದ. ಆಮೇಲೆ ಮೈಕೆಲ್ ಫ್ಯಾರಡೆಯಂಥವನೂ ಅದರ ಗುಟ್ಟಿಗಾಗಿ ಕುಲುಮೆ ಹಚ್ಚಿದ. ಇದೇ ತೆಲಂಗಾಣದ ಕೋನಸಮುದ್ರಂ ಗ್ರಾಮದಲ್ಲಿ ಅಂಥ ಉಕ್ಕು ತಯಾರಾಗುತ್ತಿತ್ತು. 1820ರ ಸುಮಾರಿಗೆ ವಾಯ್ಸಿ ಎಂಬ ಇಂಗ್ಲಿಷ್ ವೈದ್ಯ ಹೋಗಿ ನೋಡಿ ಬರೆದಿಟ್ಟಿದ್ದಾನೆ: ಪರ್ಷಿಯಾದಿಂದ ಬಂದ ವರ್ತಕ ಆ ಹಳ್ಳಿಯಲ್ಲಿ ಕೂತು, ಕುಲುಮೆಯ ಕೆಲಸವನ್ನು ತಾನೇ ಕಣ್ಣಿಟ್ಟು ನೋಡಿಕೊಂಡು ಉಕ್ಕು ಒಯ್ಯುತ್ತಿದ್ದ. ಸಾವಿರಾರು ಮೈಲಿ ದಾಟಿ ಬಂದು ಕುಲುಮೆಯ ಪಕ್ಕ ನಿಂತು ಲೋಹ ನೋಡಿದ ಆ ವರ್ತಕನೆಲ್ಲಿ, ಮೇಜಿನ ಮೇಲಿಟ್ಟ ಬಂದೂಕಿನ ಮುದ್ರೆ ಓದಲಾರದ ನಮ್ಮ ಠೇಕೇದಾರನೆಲ್ಲಿ?

ನಾಂಪಲ್ಲಿಯ ಮಗ್ಗುಲಲ್ಲೇ, ಫತೇಹ್ ಮೈದಾನಿನ ಹತ್ತಿರ, ಗನ್‌ಫೌಂಡ್ರಿ ಎಂಬ ಬಡಾವಣೆ ಇದೆ. ತೋಪ್ ಕಾ ಸಾಂಚಾ ಎಂದು ಹಳಬರು ಹೇಳುತ್ತಾರೆ. ನಿಜಾಮ್ ಅಲಿ ಖಾನನ ಸೇವೆಯಲ್ಲಿದ್ದ ಫ್ರೆಂಚ್ ಸೇನಾನಿ ರೇಮಂಡ್ 1786ರಲ್ಲಿ ಅಲ್ಲಿ ತೋಪಿನ ಎರಕದ ಕಾರ್ಖಾನೆ ಕಟ್ಟಿಸಿದ. 1798ರಲ್ಲಿ ಅವನು ಸತ್ತ; ಅದೇ ವರ್ಷ ಇಂಗ್ಲಿಷರು ಅವನ ಫ್ರೆಂಚ್ ಪಡೆಯ ಆಯುಧ ಕಸಿದುಕೊಂಡರು. ಈಗ ಉಳಿದಿರುವುದು ಹಾಳು ಗೋಡೆ ಮತ್ತು ಹೆಸರು. ಆ ಹೆಸರಿನ ಬೀದಿಯ ಆಸುಪಾಸಿನಲ್ಲೇ, ಪರೀಕ್ಷೆಯಿಲ್ಲದ ನಳಿಗೆ ಹೊತ್ತು ನಮ್ಮವರು ನಿಲ್ಲುತ್ತಾರೆ.

ಇಷ್ಟೆಲ್ಲ ಕೇಳಿದ ಮೇಲೆ ನಮ್ಮ ಕಾವಲುಗಾರ ಬಂಧುಗಳು, ‘ಹಾಗಾದರೆ ನಾವು ನೋಡಬೇಕಾದದ್ದೇನು ಹೇಳಿಬಿಡಿ, ನೋಡಿ ತಗೊಳ್ತೀವಿ’ ಎನ್ನುತ್ತಾರೆ. ಆ ರಿಪೇರಿಗಾರ ಹಿರಿಯರು ಹೇಳಿದ್ದನ್ನು ಹೇಳುತ್ತೇವೆ. ಖಾಲಿ ಮಾಡಿದ ನಳಿಗೆಯನ್ನು ಬೆಳಕಿಗೆ ಹಿಡಿದರೆ ಒಳಗೆ ಬಳೆಯಂಥ ನೆರಳು ಕಂಡಿತೆ? ಅಲ್ಲಿ ಹಿಂದೆಂದೋ ಉಬ್ಬಿದೆ, ಮುಟ್ಟಬೇಡಿ. ನಳಿಗೆಯನ್ನು ಹಿಡಿಕೆಯಿಂದ ಬೇರೆ ಮಾಡಿ ತೂಗುಬಿಟ್ಟು ತಟ್ಟಿದರೆ ಗಂಟೆಯಂತೆ ಮೊಳಗಬೇಕು, ನಮ್ಮ ಹಂಡೆಯಂತೆಯೇ. ಬೊಕ್ಕ ದನಿ ಬಂದರೆ ಎರಡು ನಳಿಗೆಯ ನಡುವಿನ ಬೆಸುಗೆ ಸಡಿಲವಾಗಿದೆ. ಅಯಸ್ಕಾಂತ ಸತುವನ್ನು ಉಕ್ಕಿನಿಂದ ಬೇರ್ಪಡಿಸಿ ತೋರಿಸುತ್ತದೆ, ಒಳ್ಳೆಯ ಉಕ್ಕನ್ನು ಕೆಟ್ಟ ಉಕ್ಕಿನಿಂದ ಬೇರ್ಪಡಿಸಲಾರದು, ಎರಡಕ್ಕೂ ಅಂಟುತ್ತದೆ. ಮುದ್ರೆಗಳನ್ನು ಕಾಗದದ ಮೇಲೆ ಇದ್ದಂತೆ ಬರೆದುಕೊಂಡು ಬಲ್ಲವರಿಗೆ ತೋರಿಸಿ. ತೋಟಾದ ಡಬ್ಬಿಯ ಮೇಲಿನ ಉದ್ದದ ನಂಬರು ನೋಡದೆ ಹಾಕಬೇಡಿ. ಇನ್ನೊಂದು ಮಾತನ್ನೂ ಅವರು ನ್ಯಾಯವಾಗಿ ಹೇಳಿದರು: ನಳಿಗೆಯಲ್ಲಿ ಚಿಂದಿಯೋ ಕೆಸರೋ ಸಿಕ್ಕಿಕೊಂಡಿದ್ದರೆ ಎಂಥ ಉತ್ತಮ ಉಕ್ಕೂ ಸೀಳುತ್ತದೆ.

ಆದರೆ ಬಂಧುಗಳೆ, ಇಷ್ಟನ್ನು ಕಲಿತು ಇನ್ನು ನಾವೇ ಪರೀಕ್ಷಕರೆಂದುಕೊಂಡರೆ ಠೇಕೇದಾರನ ಬಲೆಗೆ ಇನ್ನೊಂದು ಕಡೆಯಿಂದ ಬಿದ್ದಂತೆ. ಗೋಡೆಯ ದಪ್ಪವನ್ನು ಅಳೆಯಲು ಸಲಕರಣೆ ಬೇಕು, ಒಳಗಲ ಅಳೆಯಲು ಬೇರೆ ಸಲಕರಣೆ ಬೇಕು, ಬೆಸುಗೆಯ ಒಳಬಿರುಕು ಕಾಣಲು ಇನ್ನೂ ದೊಡ್ಡದು ಬೇಕು. ಹದಿನೈದು ಸಾವಿರ ಪಗಾರದವನು ಅದನ್ನೆಲ್ಲ ಎಲ್ಲಿಂದ ತಂದಾನು? ನಾವು ಹುಡುಗರಾಗಿದ್ದಾಗ ಕೆಲಸ ಮಾಡಿದ ಒಂದು ಹೋಟೆಲಿನಲ್ಲಿ ಒಡೆದ ಲೋಟದ ದುಡ್ಡನ್ನು ಕ್ಲೀನರ್ ಹುಡುಗನ ಪಗಾರದಲ್ಲಿ ಮುರಿಯುತ್ತಿದ್ದರು. ಲೋಟ ತೆಳ್ಳಗಿನ ಅಗ್ಗದ ಗಾಜು. ಬಿಸಿ ಕಾಫಿಗೆ ತಾನಾಗಿ ಬಿರಿಯುತ್ತಿತ್ತು. ಕೊಂಡವನು ಮಾಲೀಕ, ತೆತ್ತವನು ಹುಡುಗ. ಕಾಕಾನ ವಿಷಯದಲ್ಲಿ ಇನ್ನೂ ಚೆನ್ನಾಗಿ ಮಾಡಿದ್ದಾರೆ: ಲೋಟ ಕೊಳ್ಳುವುದೂ ಹುಡುಗನದೇ!

ಕಾಯ್ದೆ ಏನು ಹೇಳುತ್ತದೆ? 1959ರ ಶಸ್ತ್ರಾಸ್ತ್ರ ಕಾಯ್ದೆ 1962ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದರ ಐದನೆಯ ಕಲಮಿನಲ್ಲಿ ಬಂದೂಕು ತಯಾರಿಸುವುದು, ಮಾರುವುದು, ರಿಪೇರಿ ಮಾಡುವುದರ ಜೊತೆಗೆ ಪರೀಕ್ಷಿಸುವುದು, ಪ್ರೂಫ್ ಮಾಡುವುದು ಎಂಬ ಕೆಲಸವನ್ನೂ ಹೆಸರಿಸಿ, ಅದಕ್ಕೆ ಲೈಸೆನ್ಸ್ ಇರಬೇಕೆಂದಿದೆ. ಅಂದರೆ ಪರೀಕ್ಷೆ ಎಂಬುದು ಕಾವಲುಗಾರ ಸಂಜೆ ಬಿಡುವಿನಲ್ಲಿ ಮಾಡುವ ಕೆಲಸವಲ್ಲ, ಬಲ್ಲವರ ಕಸಬು ಎಂದು ಕಾಯ್ದೆಯೇ ಒಪ್ಪಿದೆ. ಖಾಸಗಿ ಕಾವಲು ಸಂಸ್ಥೆಗಳಿಗೆ 2005ರ ಕಾಯ್ದೆ ಇದೆ. ಲೈಸೆನ್ಸ್ ಪಡೆದು, ಕಾವಲುಗಾರರಿಗೆ ತರಬೇತಿ ಕೊಡಿಸುವ ಹೊಣೆ ಸಂಸ್ಥೆಯದು. ಇನ್ನು ಗಾಯದ ಪರಿಹಾರ: 1923ರ ಕಾಯ್ದೆಯಿಂದ ಹಿಡಿದು 2020ರ ಸಾಮಾಜಿಕ ಭದ್ರತಾ ಸಂಹಿತೆಯವರೆಗೆ ತತ್ತ್ವ ಒಂದೇ, ಕೆಲಸದಿಂದಾಗಿ ಕೆಲಸದ ವೇಳೆಯಲ್ಲಿ ಆದ ಅಪಘಾತಕ್ಕೆ ಮಾಲೀಕ ಹೊಣೆ. ಬಂದೂಕು ಯಾರ ಹೆಸರಿನದು ಎಂಬುದು ಲೈಸೆನ್ಸಿನ ಪ್ರಶ್ನೆ. ಯಾರ ಕೆಲಸಕ್ಕೆ, ಯಾರ ಅಪ್ಪಣೆಯಿಂದ, ಯಾರು ಕೊಟ್ಟ ತೋಟಾ ಹಾಕಿ ಸುಟ್ಟರು ಎಂಬುದು ಪರಿಹಾರದ ಪ್ರಶ್ನೆ. ಠೇಕೇದಾರ ಮಹಾಶಯ ಬೇಕೆಂದೇ ಎರಡನ್ನೂ ಕಲಸಿಬಿಟ್ಟಿದ್ದಾನೆ.

ನಮ್ಮೊಳಗಿನ ಆಕ್ಷೇಪಣೆಯನ್ನೂ ಮುಚ್ಚಿಡುವುದಿಲ್ಲ. ಹೋದ ಸಭೆಯಲ್ಲಿ ಇಬ್ಬರು ಕಾವಲುಗಾರರು ಎದ್ದು, ‘ಅಣ್ಣಾ, ಗನ್ ಚೆಕ್ ಮಾಡಿಸಿ ಅಂತ ಹಟ ಹಿಡಿದರೆ ನಮ್ಮನ್ನು ಬಿಡಿಸಿ ಕೋಲಿನವರನ್ನು ಇಡ್ತಾರೆ. ಗನ್ನಿನ ಎರಡು ಸಾವಿರ ಹೋಗ್ತದೆ’ ಎಂದರು. ಅವರ ಮಾತಿನಲ್ಲಿ ಹುರುಳಿದೆ. ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಮನೆಯಲ್ಲಿ ಮಗಳ ಕಾಲೇಜಿನ ಫೀ ಕಟ್ಟಬೇಕಾದವನಿಗೆ ಎರಡು ಸಾವಿರ ಎಂದರೇನೆಂದು ನಮಗೆ ಗೊತ್ತು. ಆದರೆ ಲೆಕ್ಕ ಹಾಕಿ. ಕಾಕಾನಿಗೆ ಆ ಎರಡು ಸಾವಿರ ಸಿಕ್ಕಿದ್ದು ನಾಲ್ಕು ತಿಂಗಳು. ಎಂಟು ಸಾವಿರ ಬಂತು. ಮೂವತ್ತೈದು ಸಾವಿರದ ಸಾಲ, ಎರಡು ಬೆರಳು, ಕೆಲಸ ಹೋದವು. ಅದರಿಂದ ನಾವು ಒಬ್ಬೊಬ್ಬರಾಗಿ ಹಟ ಹಿಡಿಯಿರಿ ಎನ್ನುವುದಿಲ್ಲ. ಒಬ್ಬನನ್ನು ಬಿಡಿಸುವುದು ಸುಲಭ. ಸಂಘದ ಹೆಸರಿನಲ್ಲಿ ಎಲ್ಲ ಠೇಕೇದಾರರಿಗೂ, ಅವರನ್ನು ನೇಮಿಸಿಕೊಂಡ ಬ್ಯಾಂಕು, ಅಂಗಡಿಗಳಿಗೂ ಒಂದೇ ಪತ್ರ ಹೋಗಿದೆ. ಡ್ಯೂಟಿಗೆ ಬರುವ ಪ್ರತಿ ಬಂದೂಕನ್ನು ಲೈಸೆನ್ಸುದಾರ ಬಂದೂಕುಗಾರರಿಂದ ವರ್ಷಕ್ಕೊಮ್ಮೆ ಅಳೆದು ನೋಡಿಸಬೇಕು, ಖರ್ಚು ಸಂಸ್ಥೆಯದು. ಕರಿಮದ್ದಿನ ಮುದ್ರೆಯ ಹಳೆಯ ನಳಿಗೆ ಡ್ಯೂಟಿಗೆ ಕೂಡದು. ತೋಟಾ ಒದಗಿಸುವವನು ಉದ್ದ ಬರೆದು ಸಹಿ ಮಾಡಿ ಕೊಡಬೇಕು. ವಿಲಾಯತಿ ತಾ, ದೇಶೀ ಬೇಡ ಎಂಬ ಷರತ್ತನ್ನು ಇಂದೇ ಬಿಡಬೇಕು.

ಪತ್ರಕ್ಕೆ ಈವರೆಗೆ ಎರಡು ಬ್ಯಾಂಕುಗಳ ಶಾಖೆಯವರು ಉತ್ತರ ಕೊಟ್ಟಿದ್ದಾರೆ. ವಿಷಯವನ್ನು ಮೇಲಿನ ಆಫೀಸಿಗೆ ಕಳಿಸಿದ್ದೇವೆ ಎಂದು. ಠೇಕೇದಾರರಲ್ಲಿ ಒಬ್ಬನೂ ಉತ್ತರಿಸಿಲ್ಲ. ಕಾಕಾನ ಪರಿಹಾರದ ಅರ್ಜಿ ದಾಖಲಾಗಿದೆ, ಸೀಳಿದ ನಳಿಗೆಯ ಬಗ್ಗೆ ರಿಪೇರಿಗಾರ ಹಿರಿಯರು ಬರೆದುಕೊಟ್ಟ ಹೇಳಿಕೆ ಅದರ ಜೊತೆಗಿದೆ. ಕಾಕಾ ಸದ್ಯಕ್ಕೆ ನಮ್ಮ ಪರಿಚಯದ ಹೋಟೆಲೊಂದರಲ್ಲಿ ರಾತ್ರಿ ಬಾಗಿಲು ಕಾಯುತ್ತಿದ್ದಾರೆ, ಬಲಗೈಯಲ್ಲಿ ಕೋಲು ಹಿಡಿದು.

ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಂಘದ ಕೋಣೆಯಲ್ಲಿ ಆ ಹಿರಿಯರು ಮುದ್ರೆಗಳನ್ನು ಓದುವ ಬಗೆ ತೋರಿಸುತ್ತಾರೆ. ಬಂದೂಕು ಇರುವ ಸದಸ್ಯರೆಲ್ಲ ಬನ್ನಿ. ಬಂದೂಕು ತರಬೇಡಿ, ಲೈಸೆನ್ಸಿನ ನಕಲು, ನಳಿಗೆಯ ಮೇಲಿನ ಮುದ್ರೆಗಳ ಫೋಟೊ, ಈಗ ಹಾಕುತ್ತಿರುವ ತೋಟಾದ ಖಾಲಿ ಡಬ್ಬಿ ಇಷ್ಟು ತಂದರೆ ಸಾಕು. ಡ್ಯೂಟಿ ಇರುವವರಿಗಾಗಿ ಸಂಜೆ ಏಳಕ್ಕೆ ಮತ್ತೊಮ್ಮೆ ನಡೆಯುತ್ತದೆ.